ಸಂಶೋಧನಾ ಆಡಳಿತಗಾರರ ಶಿಕ್ಷಣವೂ ಅಡಿಕೆ ತೋಟವೂ

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿಗೆ ಸೇರಿದ ಮರ್ಕಂಜ ಗ್ರಾಮವು ಅಡಿಕೆಯ ಹಳದಿ ಎಲೆ ರೋಗದಿಂದ ಪೀಡಿತವಾದ ಊರುಗಳಲ್ಲೊಂದು. ರೋಗದ ಲಕ್ಷಣಗಳನ್ನು ಅಲ್ಲಿಯ ತೋಟದ ಯಜಮಾನರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಸೋಗೆಯು ತುದಿಯಿಂದ ಹಳದಿಯಾಗುವುದು, ಮರದ ತಲೆ ಕಿರಿದಾಗುವುದು, ಅಡಿಕೆಯ ತಿರುಳು ಕಪ್ಪಾಗುವುದು, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುವುದು. 1914ರಷ್ಟು ಹಿಂದೆಯೇ ಕೇರಳದಲ್ಲಿ ಕಂಡುಬಂದ ಈ ಪಿಡುಗಿಗೆ ಫೈಟೋಪ್ಲಾಸ್ಮವೆಂಬ ಅತಿ ಸೂಕ್ಷ್ಮವಾದ ಜೀವಿಯು ಕಾರಣವೆಂದು ತಿಳಿದುಬಂದಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವಿರುವಂತೆ ಇದಕ್ಕೆ ಸಿಂಪಡಿಸಿ ಗುಣಪಡಿಸುವ ಔಷಧವಿಲ್ಲ. ರೋಗದ ನಡುವೆಯೂ ಹಸಿರಾಗಿ ನಿಂತು ಫಲ ಕೊಡುವ ಮರಗಳನ್ನು ಆರಿಸಿ, ಅವುಗಳ ಸಂತತಿಯನ್ನು ಬೆಳೆಸುವುದೇ ಹೆಚ್ಚು ಭರವಸೆಯ ದಾರಿ.

ಈ ಕಾರ್ಯಕ್ಕೆ ವಿಜ್ಞಾನಿಯೂ ತೋಟದ ಯಜಮಾನರೂ ಇದ್ದರೆ ಸಾಕೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಇವರಿಬ್ಬರ ನಡುವೆ ಕಚೇರಿಯಲ್ಲಿ ಕುಳಿತಿರುವ ಮೂರನೆಯವರೊಬ್ಬರಿರುವರು. ಧನಸಹಾಯದ ಅರ್ಜಿಯನ್ನು ಕ್ರಮಪಡಿಸುವವರು, ಕರಾರಿನ ಷರತ್ತುಗಳನ್ನು ಓದುವವರು, ಖರೀದಿಗೂ ಕೂಲಿಗೂ ಮಂಜೂರಾತಿ ದೊರಕಿಸುವವರು, ಕೊನೆಗೆ ಹಣ ಹೇಗೆ ವಿನಿಯೋಗವಾಯಿತೆಂಬ ಪ್ರಮಾಣಪತ್ರವನ್ನು ಒಪ್ಪಿಸುವವರು ಇವರೇ. ವಿಶ್ವವಿದ್ಯಾಲಯಗಳಲ್ಲಿಯೂ ಸಂಶೋಧನಾ ಕೇಂದ್ರಗಳಲ್ಲಿಯೂ ಇವರನ್ನು ಸಂಶೋಧನಾ ಆಡಳಿತಗಾರರೆನ್ನುವರು.

ಇವರ ಜಾಣತನಕ್ಕೂ ತೋಟಕ್ಕೂ ಏನು ಸಂಬಂಧವೆಂದು ಕೇಳಬಹುದು. ಅಡಿಕೆಯ ಹಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುವುವು. ಆ ಬಳಿಕ ಹೆಣ್ಣು ಹೂಗಳು ಕೆಲವೇ ದಿನಗಳ ಕಾಲ ಪರಾಗವನ್ನು ಗ್ರಹಿಸುವ ಸ್ಥಿತಿಯಲ್ಲಿರುವುವು. ಅನ್ಯ ಪರಾಗವು ಸೋಂಕದಂತೆ ಅದಕ್ಕೆ ಮುಂಚೆಯೇ ಮರವೇರಿ ಚೀಲ ಕಟ್ಟಬೇಕು, ಸಕಾಲದಲ್ಲಿ ಪುನಃ ಏರಿ ಆರಿಸಿದ ಮರದ ಪರಾಗವನ್ನು ಕೊಡಬೇಕು. ಹಿಂಗಾರದ ಕಾಲವು ಚಳಿಗಾಲದಿಂದ ಬೇಸಗೆಯವರೆಗೆ ಇರುವುದು. ಸರ್ಕಾರದ ಲೆಕ್ಕದ ವರ್ಷವಾದರೋ ಮಾರ್ಚಿ 31ಕ್ಕೆ, ಸರಿಯಾಗಿ ಈ ಕೆಲಸದ ನಡುವೆಯೇ, ಮುಗಿಯುವುದು! ಹಳೆಯ ಹಣವು ಹಿಂದಿರುಗಿ ಹೊಸ ಮಂಜೂರಾತಿ ಬರುವವರೆಗೆ ಮರವೇರುವ ಆಳಿಗೆ ಕೂಲಿ ಇಲ್ಲದಂತಾದರೆ ಹೂವು ಕಾಯುವುದಿಲ್ಲ. ಆ ವರ್ಷ ಹೋದಂತೆಯೇ. ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷ ಬೇಕಾದ ಬೆಳೆಯಲ್ಲಿ ಒಂದು ವರ್ಷದ ನಷ್ಟವು ಸಣ್ಣದಲ್ಲ. 2021-22ನೆಯ ಸಾಲಿನ ರಾಜ್ಯ ಆಯವ್ಯಯದಲ್ಲಿ ಹಳದಿ ರೋಗದ ಸಂಶೋಧನೆಗೂ ಪರ್ಯಾಯ ಬೆಳೆಗೂ 25 ಕೋಟಿ ರೂಪಾಯಿಗಳು ಘೋಷಿತವಾದುವು. ಆದರೆ ಅಂತಹ ಘೋಷಣೆಗೂ ಮರದ ಮೇಲೆ ಕಟ್ಟುವ ಚೀಲಕ್ಕೂ ನಡುವೆ ಇರುವ ಕಾಗದಗಳು ಬಹಳ.

ಕಾಗದಗಳನ್ನು ನಡೆಸುವ ಈ ವಿದ್ಯೆಯನ್ನು ಹೆಚ್ಚಿನವರು ಕುರ್ಚಿಯ ಮೇಲೆ ಕುಳಿತ ಮೇಲೆಯೇ ಕಲಿಯುವರು. ವರ್ಗವಾದಾಗ ಕಲಿತದ್ದೂ ಅವರೊಡನೆಯೇ ಹೊರಟುಹೋಗುವುದು. ಈ ಕೊರತೆಯನ್ನು ನೀಗಲು ಪ್ರಯತ್ನಗಳು ನಡೆಯದೆ ಇಲ್ಲ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1976ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆಯು ಇಂದು ರಾಷ್ಟ್ರೀಯ ಕೃಷಿ ಸಂಶೋಧನಾ ನಿರ್ವಹಣಾ ಅಕಾಡೆಮಿ ಎಂಬ ಹೆಸರಿನಿಂದ ವಿಜ್ಞಾನಿಗಳಿಗೂ ಆಡಳಿತಾಧಿಕಾರಿಗಳಿಗೂ ತರಬೇತಿ ಕೊಡುತ್ತಿದೆ. ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನಾ ಆಡಳಿತಗಾರರು 1959ರಲ್ಲಿಯೇ ತಮ್ಮದೇ ಒಂದು ರಾಷ್ಟ್ರೀಯ ಮಂಡಲಿಯನ್ನು ಕಟ್ಟಿಕೊಂಡರು. ಅಲ್ಲಿ ಉಪನ್ಯಾಸಗಳಿಗಿಂತ ಮುಖ್ಯವಾದುದು ಒಂದೇ ಕೆಲಸದವರು ಪರಸ್ಪರ ಕಲಿಯುವುದು.

ಪುತ್ತೂರು, ಸುಳ್ಯದ ಕಡೆಯವರಿಗೆ ಈ ಕ್ರಮವು ಅಪರಿಚಿತವೇನಲ್ಲ. ನೀರು ನಿಲ್ಲಿಸುವ ಉಪಾಯವಾಗಲಿ, ಹೊಸ ಉಪಬೆಳೆಯಾಗಲಿ, ನೆರೆಯ ತೋಟವನ್ನು ಕಣ್ಣಾರೆ ಕಂಡು ಬಂದ ಮೇಲೆಯೇ ಅವರು ಕೈಹಾಕುವರು. 1988ರಲ್ಲಿ ಪುತ್ತೂರಿನಿಂದ ಹೊರಡತೊಡಗಿದ ಅಡಿಕೆ ಪತ್ರಿಕೆಯೂ ಕೃಷಿಕರ ಅನುಭವವನ್ನು ಕೃಷಿಕರಿಂದಲೇ ಬರೆಸಿತು. ಕಚೇರಿಯವರಿಗೂ ಹೀಗೆಯೇ. ಮಾರ್ಚಿ ತಿಂಗಳ ತೊಡಕನ್ನು ಒಬ್ಬರು ಮುಂಚಿತವಾಗಿ ಮಂಜೂರಾತಿ ಕೇಳಿ ಬಿಡಿಸಿಕೊಂಡಿದ್ದರೆ, ಆ ಕಡತವನ್ನು ಇನ್ನೊಂದು ಕೇಂದ್ರದವರು ಎದುರಿಗಿಟ್ಟುಕೊಂಡು ಓದಿದರೆ ಸಾಕು. ಹತ್ತು ನಿಯಮಗಳ ವ್ಯಾಖ್ಯಾನಕ್ಕಿಂತ ಅದು ಹೆಚ್ಚು ಉಪಯೋಗಕರ. ಕೆಟ್ಟುಹೋದ ಕಡತವನ್ನೂ ತೋರಿಸುವ ಧೈರ್ಯ ಬೇಕು. ಮೇಲಧಿಕಾರಿಗಳ ಸಮ್ಮುಖದಲ್ಲಿ ಅದು ಕಷ್ಟ. ಆದುದರಿಂದ ಸಮಾನರೇ ಸೇರುವ ಸಭೆ ಮೇಲು.

ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಅದರ ಪ್ರಧಾನ ಸಂಸ್ಥೆಯು ಕಾಸರಗೋಡಿನಲ್ಲಿದೆ. ಎರಡೂ ಮರ್ಕಂಜಕ್ಕೆ ದೂರವಲ್ಲ. ಯಾವ ಸಂಸ್ಥೆಯವರಾದರೂ ಪ್ರಯೋಗಕ್ಕಾಗಿ ತೋಟವನ್ನು ಕೇಳಿದಾಗ ಗ್ರಾಮದ ಮುಖಂಡರು ವಿಜ್ಞಾನಿಗಳನ್ನು ಮಾತ್ರವಲ್ಲದೆ ಲೆಕ್ಕಪತ್ರ ನೋಡುವವರನ್ನೂ ಹಿಂಗಾರದ ಕಾಲದಲ್ಲಿ ಒಮ್ಮೆ ಕರೆಯಿಸಿಕೊಳ್ಳುವುದು ಉಚಿತ. ಮರದ ಬುಡದಲ್ಲಿ ನಿಂತು, ಯಾವ ದಿನ ಆಳು ಏರಬೇಕು, ಏಕೆ ಮರುವಾರಕ್ಕೆ ಮುಂದೂಡಲಾಗದು ಎಂಬುದನ್ನು ಕಂಡವರು ಕೂಲಿಯ ಚೀಟಿಯನ್ನು ಬೇರೆ ದೃಷ್ಟಿಯಿಂದ ನೋಡುವರು. ಗುರುತು ಮಾಡಿದ ಮರವನ್ನು ಕಡಿಯದಂತೆ ಮನೆಯವರೆಲ್ಲರಿಗೂ ತಿಳಿಸತಕ್ಕದ್ದು. ಮರದ ಸಂಖ್ಯೆ, ಚೀಲ ಕಟ್ಟಿದ ದಿನ, ಪರಾಗ ಕೊಟ್ಟ ದಿನ, ಏರಿದವರ ಹೆಸರು, ಕೊಟ್ಟ ಕೂಲಿ, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದು, ಕಚೇರಿಗೆ ಒಂದು ಪ್ರತಿಯನ್ನು ಕೊಟ್ಟು, ಇನ್ನೊಂದನ್ನು ತೋಟದ ಮನೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಅಧಿಕಾರಿಗಳು ವರ್ಗವಾಗಿ ಹೊಸಬರು ಬಂದಾಗ ಮೊದಲು ತೋರಿಸಬೇಕಾದುದು ಆ ಪುಸ್ತಕವನ್ನೇ.