ಪೆರುವಿಗೆ ಹೊರಡುವ ಮುನ್ನ ನೋಟನ್ನು ಬೆಳಕಿಗೆ ಹಿಡಿಯಿರಿ

ಪೆರುವಿಗೆ ಹೋಗಿಬಂದ ಮೇಲೆ ನೆಂಟರು, ಗೆಳೆಯರು ಎಲ್ಲರೂ ಕೇಳುವುದು ಒಂದೇ: ‘ಒಟ್ಟು ಎಷ್ಟಾಯಿತು?’ ಅದರಲ್ಲಿ ದೊಡ್ಡ ಪಾಲು ವಿಮಾನದ ಟಿಕೆಟ್ಟಿಗೇ ಹೋಗುತ್ತದೆ, ಹೇಳುವುದಕ್ಕೆ ಹೆಚ್ಚೇನಿಲ್ಲ. ನನಗೆ ಹೇಳಬೇಕೆನಿಸುವುದು ದುಡ್ಡನ್ನು ಹೇಗೆ ಒಯ್ಯಬೇಕು ಎಂಬುದನ್ನು. ಜೇಬಿನಲ್ಲಿ ದುಡ್ಡಿದ್ದೂ ಕೊಡಲಾಗದೆ ನಿಲ್ಲುವ ಸಂದರ್ಭ ಅಲ್ಲಿ ಬರುತ್ತದೆ. ಅದನ್ನು ತಪ್ಪಿಸುವ ಕೆಲಸ ಬಹುಪಾಲು ಬೆಂಗಳೂರಿನಲ್ಲೇ ಮುಗಿಯಬೇಕು.

ಅಲ್ಲಿಯ ಹಣ ಸೋಲ್. ನಮ್ಮ ಕಡೆಯ ವಿನಿಮಯ ಅಂಗಡಿಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಇಲ್ಲಿ ಡಾಲರ್ ಕೊಂಡು, ಅಲ್ಲಿ ಸೋಲ್ ಮಾಡಿಸುವುದೇ ದಾರಿ. ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನಗದು ಒಯ್ಯಬಹುದು. ಖರೀದಿ 50,000 ರೂಪಾಯಿ ಮೀರಿದರೆ ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಇದನ್ನು ಅಂಗಡಿಯವರೇ ಹೇಳುತ್ತಾರೆ. ನೋಟಿನ ಸ್ಥಿತಿಯ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಪೆರುವಿನಲ್ಲಿ ಖೋಟಾ ನೋಟಿನ ಕಾಟ ಹಳೆಯದು. ಅಂಚು ಚೂರು ಹರಿದ, ಪೆನ್ನಿನ ಗೀರು ಬಿದ್ದ, ಸೀಲು ಒತ್ತಿದ ಡಾಲರನ್ನು ಅಲ್ಲಿ ತೆಗೆದುಕೊಳ್ಳುವವರು ಸಿಗುವುದು ಕಷ್ಟ. ಹಾಗಾಗಿ ಕೌಂಟರಿನಲ್ಲೇ ಕೂತು ಒಂದೊಂದು ನೋಟನ್ನೂ ಬೆಳಕಿಗೆ ಹಿಡಿದು ಆರಿಸಿಕೊಂಡೆ. ಆಮೇಲೆ ಎರಡು ರಟ್ಟಿನ ನಡುವೆ ಮಡಿಕೆ ಬೀಳದಂತೆ ಇಟ್ಟುಕೊಂಡೆ.

ಕುಸ್ಕೊ ನಗರದ ವಿನಿಮಯ ಅಂಗಡಿಯಲ್ಲಿ ಇದರ ಬೆಲೆ ತಿಳಿಯಿತು. ಗಾಜಿನ ಹಿಂದೆ ಕೂತಿದ್ದ ಹೆಂಗಸು ನೋಟನ್ನು ಎರಡೂ ಕೈಯಲ್ಲಿ ಹಿಗ್ಗಿಸಿ ದೀಪಕ್ಕೆ ಹಿಡಿದಳು. ಫ್ರಾಂಕ್ಲಿನ್ ಚಿತ್ರದ ಕೋಟಿನ ಮೇಲೆ ಉಗುರಿನಿಂದ ಗೀರಿ ಮುದ್ರಣದ ಉಬ್ಬು ನೋಡಿದಳು, ಆಮೇಲೆ ಅಂಚಿನುದ್ದಕ್ಕೂ ಬೆರಳಾಡಿಸಿದಳು. ನಮ್ಮ ಮುಂದಿದ್ದ ಪ್ರವಾಸಿಯ ನೂರು ಡಾಲರ್ ನೋಟು ಹಾಗೇ ವಾಪಸ್ಸಾಯಿತು. ಅಂಚಿನಲ್ಲಿದ್ದ ಹರಕು ಅಕ್ಕಿಕಾಳಿನಷ್ಟೂ ಇರಲಿಲ್ಲ. ನಮ್ಮವು ಅಷ್ಟೂ ನಡೆದವು.

ಸೋಲ್ ಕೈಗೆ ಬಂದ ಕೂಡಲೇ ಹತ್ತು, ಇಪ್ಪತ್ತರ ನೋಟು ಕೇಳಿ ಪಡೆಯಿರಿ. ಸಂತೆಯಲ್ಲಿ ಹಣ್ಣಿನ ರಸ ಮಾರುವಾಕೆಗೆ, ಟ್ಯಾಕ್ಸಿಯವನಿಗೆ ನೂರರ ನೋಟು ಚಾಚಿದರೆ ಚಿಲ್ಲರೆ ಹುಟ್ಟುವುದಿಲ್ಲ. ಸಕ್ಸಾಯ್‌ವಮಾನ್, ಪಿಸಾಕ್, ಮೊರಾಯ್‌ನಂಥ ತಾಣಗಳಿಗೆ ಸೇರಿ ಒಂದೇ ಪ್ರವಾಸಿ ಟಿಕೆಟ್ ಇದೆ. ನಾವು ಕೊಂಡಾಗ ವಿದೇಶಿಯರಿಗೆ 130 ಸೋಲ್, ಹತ್ತು ದಿನದ ಅವಧಿ. ಇದಕ್ಕೂ ನಗದು ಕೈಲಿರಲಿ. ಮರಾಸ್‌ನ ಉಪ್ಪಿನ ಮಡಿಗಳಿಗೆ ಪ್ರವೇಶ ಶುಲ್ಕ ಬೇರೆಯೇ.

ಮಾಚು ಪಿಚುವಿನ ಲೆಕ್ಕ ಬೇರೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ಒಳಗೆ ನಡೆಯುವ ದಾರಿಯನ್ನೂ ಟಿಕೆಟ್ ಕೊಳ್ಳುವಾಗಲೇ ಆರಿಸಬೇಕು. ಮೊದಲು ಈ ಟಿಕೆಟ್, ಆಮೇಲೆ ಒಯಾಂತಾಯ್ತಾಂಬೊದಿಂದ ಹೋಗುವ ರೈಲು, ಕೊನೆಗೆ ಹೋಟೆಲು: ಈ ಕ್ರಮ ತಲೆಕೆಳಗಾದರೆ ದುಡ್ಡು ನೀರುಪಾಲು. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ಅಪ್ಪನ ಹೆಸರಿನ ಇನಿಷಿಯಲ್ ಇಟ್ಟುಕೊಂಡ ನಮ್ಮವರು ಇದನ್ನು ಎರಡು ಸಲ ನೋಡಿಕೊಳ್ಳಬೇಕು.

ಕಾರ್ಡು ಎರಡಿರಲಿ, ಬೇರೆ ಬೇರೆ ಬ್ಯಾಂಕಿನವು, ಬೇರೆ ಬೇರೆ ಚೀಲದಲ್ಲಿ. ವಿದೇಶಿ ಬಳಕೆಯನ್ನು ಹೊರಡುವ ಮುನ್ನವೇ ಆ್ಯಪ್‌ನಲ್ಲಿ ತೆರೆದಿಡಿ, ಓಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ಅಲ್ಲಿಯ ಎಟಿಎಂಗಳು ಒಂದು ಸಲಕ್ಕೆ ಕೊಡುವುದು ಕಡಿಮೆ, ಶುಲ್ಕ ಕೀಳುವುದು ಜಾಸ್ತಿ. ಯಂತ್ರ ‘ರೂಪಾಯಿಯಲ್ಲೇ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಒಪ್ಪಬೇಡಿ, ಸೋಲ್‌ನಲ್ಲೇ ಇರಲಿ. ಒಪ್ಪಿದರೆ ಅವರು ಹೇಳಿದ್ದೇ ದರ.

ಹೋಟೆಲ್ ಬಿಲ್ಲಿನ ಮೇಲೆ ಅಲ್ಲಿ 18% ತೆರಿಗೆ. ಅಲ್ಪಾವಧಿಗೆ ಬಂದ ವಿದೇಶಿ ಪ್ರವಾಸಿಗರಿಗೆ ಅದು ಮಾಫಿ. ಪಾಸ್‌ಪೋರ್ಟ್ ಮತ್ತು ಪ್ರವೇಶದ ದಾಖಲೆ ತೋರಿಸಿ, ಬಿಲ್ಲಿನಲ್ಲಿ ತೆರಿಗೆ ಸೇರಿಲ್ಲವೆಂದು ಖಾತ್ರಿ ಮಾಡಿಕೊಂಡೇ ಹಣ ಕೊಡಿ.

ಇನ್ನು ಹಳದಿ ಜ್ವರದ ಲಸಿಕೆ. ಇದನ್ನು ನಾನು ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಕೇಳುವುದು ನಮ್ಮ ಸರ್ಕಾರ, ಅದೂ ವಾಪಸ್ ಬರುವಾಗ. ಪೆರು ಆ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದವರೆಗೂ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಪತ್ರಕ್ಕೆ ಬಲ. ಅಧಿಕೃತ ಕೇಂದ್ರಗಳು ಕೆಲವೇ ಇರುವುದರಿಂದ ತಿಂಗಳ ಮೊದಲೇ ದಿನ ಗೊತ್ತುಮಾಡಿಕೊಳ್ಳಿ. ಒಮ್ಮೆ ಹಾಕಿಸಿಕೊಂಡರೆ ಆಯುಷ್ಯಪೂರ್ತಿ ನಡೆಯುತ್ತದೆ.

ವಿಮೆ ಕೊಳ್ಳುವಾಗ ಎತ್ತರದ ಮಿತಿಯ ಷರತ್ತು ಓದಿ. ಕುಸ್ಕೊ ಇರುವುದೇ ಸುಮಾರು 3,400 ಮೀಟರ್ ಎತ್ತರದಲ್ಲಿ, ಬಣ್ಣದ ಬೆಟ್ಟ ವಿನಿಕುಂಕ 5,000 ಮೀಟರ್ ದಾಟುತ್ತದೆ.

ಉಳಿದ ಸೋಲ್‌ಗಳನ್ನು ಲಿಮಾ ನಗರದಲ್ಲೇ, ವಿಮಾನ ನಿಲ್ದಾಣಕ್ಕೆ ಹೋಗುವ ಮುಂಚೆ ಡಾಲರ್ ಮಾಡಿಕೊಳ್ಳಿ. ಊರಿಗೆ ಮರಳಿದ ಮೇಲೆ 2,000 ಡಾಲರ್‌ವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ 180 ದಿನದೊಳಗೆ ಹಿಂದಿರುಗಿಸಬೇಕು.