ಹಳೆಯ ಲಘು ವಿಮಾನಕ್ಕೆ ಮೋಟಾರು ವಾಹನದ ಬಿಡಿಭಾಗ: ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಒಂದು ಪಾಠ

ಯಂತ್ರದ ಆಯುಷ್ಯವು ಅನೇಕ ವೇಳೆ ಅದರ ಬಿಡಿಭಾಗಗಳನ್ನು ತಯಾರಿಸಿದ ಕಾರ್ಖಾನೆಯ ಆಯುಷ್ಯಕ್ಕಿಂತ ದೀರ್ಘವಾಗಿರುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಬಿಡಿಭಾಗ ವ್ಯಾಪಾರಿಗಳಿಗೆ ಇದು ನಿತ್ಯದ ಅನುಭವ. ಹಳೆಯ ಟ್ರ್ಯಾಕ್ಟರಿಗೆ ಮೂಲ ಕಂಪನಿಯ ಭಾಗ ದೊರೆಯದಿದ್ದಾಗ ಬೇರೊಂದು ವಾಹನದ ಭಾಗವನ್ನು ಅಳತೆ ನೋಡಿ ಕೂಡಿಸುವುದು ರೂಢಿ. ಇದೇ ಸಮಸ್ಯೆ ಹಳೆಯ ಸಣ್ಣ ವಿಮಾನಗಳಿಗೂ ಇದೆ. ಅಲ್ಲಿ ಕಂಡುಕೊಂಡಿರುವ ಪರಿಹಾರದ ಕ್ರಮವು ನೆಲದ ಮೇಲಿನ ವ್ಯಾಪಾರಕ್ಕೂ ಉಪಯುಕ್ತವಾದುದರಿಂದ ಅದನ್ನು ಇಲ್ಲಿ ವಿವರಿಸಲಾಗಿದೆ.

ಸಮಸ್ಯೆಯ ಹಿನ್ನೆಲೆ

ಬೆಂಗಳೂರಿನಲ್ಲಿ 1940ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಯು 1951ರಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನೂ, 1958ರಲ್ಲಿ 'ಪುಷ್ಪಕ್' ಎಂಬ ಎರಡು ಆಸನಗಳ ಲಘು ವಿಮಾನವನ್ನೂ ಹಾರಿಸಿತು. ಪುಷ್ಪಕ್‌ನ ಎಂಜಿನ್ ಅಮೆರಿಕದ ಕಾಂಟಿನೆಂಟಲ್ ಕಂಪನಿಯ 90 ಅಶ್ವಶಕ್ತಿಯದು. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅನೇಕ ಚಾಲಕರು ಈ ವಿಮಾನದಲ್ಲಿಯೇ ಹಾರಾಟ ಕಲಿತರು. ತಯಾರಿಕೆ ನಿಂತ ಮೇಲೆ ಭಾಗಗಳನ್ನು ಒದಗಿಸುವುದು ಕಷ್ಟವಾಯಿತು. ಅಮೆರಿಕದ ಸೆಸ್ನಾ ಕಂಪನಿಯೂ ಉತ್ಪನ್ನ ಹೊಣೆಗಾರಿಕೆಯ ವ್ಯಾಜ್ಯಗಳ ಭಾರದಿಂದ 1986ರಲ್ಲಿ ಸಣ್ಣ ಪಿಸ್ಟನ್ ವಿಮಾನಗಳ ತಯಾರಿಕೆಯನ್ನು ನಿಲ್ಲಿಸಿ, ಹತ್ತು ವರ್ಷಗಳ ನಂತರವಷ್ಟೇ ಮತ್ತೆ ಆರಂಭಿಸಿತು. ತರಬೇತಿ ಶಾಲೆಗಳ ಅಚ್ಚುಮೆಚ್ಚಿನ ಸೆಸ್ನಾ 152 ಮತ್ತೆ ತಯಾರಾಗಲೇ ಇಲ್ಲ.

ಮೋಟಾರು ಉದ್ಯಮದೊಡನೆ ಸಣ್ಣ ವಿಮಾನಗಳ ನಂಟು ಹಳೆಯದು. 1929ರಲ್ಲಿ ಅಮೆರಿಕದ ಬರ್ನಾರ್ಡ್ ಪೀಟೆನ್‌ಪೋಲ್ ಎಂಬಾತ ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನನ್ನೇ ತನ್ನ ವಿಮಾನಕ್ಕೆ ಅಳವಡಿಸಿದನು. ಕಾರ್ಖಾನೆಯಿಂದಲೇ ಬಂದ ಎಷ್ಟೋ ಸೆಸ್ನಾ ವಿಮಾನಗಳಲ್ಲಿ ಫೋರ್ಡ್ ಕಂಪನಿಯ, ಪೈಪರ್ ವಿಮಾನಗಳಲ್ಲಿ ಕ್ರೈಸ್ಲರ್ ಕಂಪನಿಯ ಆಲ್ಟರ್ನೇಟರುಗಳಿದ್ದವು. ಚಕ್ರಗಳ ಟೇಪರ್ ರೋಲರ್ ಬೇರಿಂಗ್ ಕೂಡ ವಾಹನ ಕ್ಷೇತ್ರಕ್ಕೆ ಪರಿಚಿತವಾದುದೇ. ಹಾಗಿದ್ದರೂ ವಿಮಾನಕ್ಕೆಂದು ಮಾರುವ ಭಾಗದ ಬೆಲೆ ಹಲವು ಪಟ್ಟು ಹೆಚ್ಚು. ಲೋಹ ಒಂದೇ ಆದರೆ ಬೆಲೆ ಏಕೆ ಬೇರೆ ಎಂಬ ಪ್ರಶ್ನೆ ಸಹಜ. ಉತ್ತರವಿಷ್ಟೆ: ಅಲ್ಲಿ ಖರೀದಿಯಾಗುವುದು ಲೋಹ ಮಾತ್ರವಲ್ಲ, ಪರೀಕ್ಷೆಯ ಪುರಾವೆ ಮತ್ತು ಸಹಿ ಹಾಕಿದವರ ಹೊಣೆ ಕೂಡ.

ಹೋಲಿಕೆ ಬೇರೆ, ಸಮಾನತೆ ಬೇರೆ

ಕಣ್ಣಿಗೆ ಒಂದೇ ರೀತಿ ಕಾಣುವ ಭಾಗಗಳು ಗುಣದಲ್ಲಿ ಹೇಗೆ ಭಿನ್ನವಾಗಿರಬಹುದೆಂಬುದಕ್ಕೆ ಕೆಲವು ನಿದರ್ಶನಗಳು:

1. ಸೊಲೆನಾಯ್ಡ್ ಸ್ವಿಚ್: ಎಂಜಿನ್ ಚಾಲೂ ಮಾಡುವ ಸ್ಟಾರ್ಟರ್ ಸೊಲೆನಾಯ್ಡ್ ಕೆಲವು ಕ್ಷಣ ಮಾತ್ರ ಕೆಲಸ ಮಾಡತಕ್ಕದ್ದು. ಬ್ಯಾಟರಿಯ ಮುಖ್ಯ ಸೊಲೆನಾಯ್ಡ್ ಹಾರಾಟದುದ್ದಕ್ಕೂ ವಿದ್ಯುತ್ ಹೊತ್ತು ನಿಲ್ಲತಕ್ಕದ್ದು. ಎರಡರ ಡಬ್ಬಿಯೂ ಬಹುಮಟ್ಟಿಗೆ ಒಂದೇ ಆಕಾರದ್ದು. ಮೊದಲನೆಯದನ್ನು ಎರಡನೆಯದರ ಸ್ಥಾನದಲ್ಲಿ ಕೂಡಿಸಿದರೆ ಸುರುಳಿ ಕಾದು ಸುಟ್ಟುಹೋಗುತ್ತದೆ.

2. ಬ್ರೇಕ್ ಎಣ್ಣೆ ಮತ್ತು ರಬ್ಬರ್ ಸೀಲು: ಸಣ್ಣ ವಿಮಾನಗಳ ಬ್ರೇಕಿನಲ್ಲಿ ಸಾಮಾನ್ಯವಾಗಿ ಬಳಸುವುದು ಕೆಂಪು ಬಣ್ಣದ ಖನಿಜ ತೈಲ. ಕಾರುಗಳಲ್ಲಿರುವುದು ಹೆಚ್ಚಾಗಿ ಗ್ಲೈಕಾಲ್ ಆಧಾರಿತ ದ್ರವ. ಒಂದಕ್ಕೆ ಒಗ್ಗುವ ರಬ್ಬರು ಇನ್ನೊಂದರಲ್ಲಿ ಉಬ್ಬಿ ಕೆಡುತ್ತದೆ. ಅಳತೆ ಸರಿಯಿದ್ದ ಮಾತ್ರಕ್ಕೆ ಸೀಲು ಸರಿಯೆನ್ನಲಾಗದು.

3. ಬೋಲ್ಟು: ವಿಮಾನದ ಸಾಮಾನ್ಯ ಎಎನ್ ಬೋಲ್ಟಿನ ಎಳೆತಬಲ ಚದರ ಅಂಗುಲಕ್ಕೆ ಸುಮಾರು 1,25,000 ಪೌಂಡು. ವಾಹನಗಳ ಗ್ರೇಡ್ 8 ಬೋಲ್ಟಿನದು ಸುಮಾರು 1,50,000 ಪೌಂಡು. ಲೆಕ್ಕದಲ್ಲಿ ವಾಹನದ ಬೋಲ್ಟೇ ಬಲಶಾಲಿ. ಆದರೆ ಗಡಸುತನ ಹೆಚ್ಚಿದಂತೆ ಬಾಗದೆ ಮುರಿಯುವ ಸ್ವಭಾವವೂ ಹೆಚ್ಚುತ್ತದೆ. ಉಕ್ಕಿನ ಜಾತಿ, ಶಾಖ ಸಂಸ್ಕರಣೆ, ಲೇಪನ ಇವೆಲ್ಲ ಗೊತ್ತಿರುವ ಬೋಲ್ಟಿಗೇ ವಿಮಾನದಲ್ಲಿ ಮನ್ನಣೆ.

4. ಎಂಜಿನ್ ಎಣ್ಣೆ: ಕಾರಿನ ಎಣ್ಣೆಯಲ್ಲಿರುವ ಲೋಹಾಂಶದ ಸೇರ್ಪಡೆಗಳು ಉರಿದು ಬೂದಿಯಾಗಿ ಉಳಿಯುತ್ತವೆ. ಗಾಳಿಯಿಂದ ತಣಿಯುವ ವಿಮಾನದ ಎಂಜಿನ್ನಿನಲ್ಲಿ ಈ ಬೂದಿ ಕೆಂಡದಂತೆ ಕಾದು, ಇಂಧನವನ್ನು ಅಕಾಲದಲ್ಲಿ ಹೊತ್ತಿಸಬಹುದು. ಆದುದರಿಂದಲೇ ಅಲ್ಲಿ ಬೂದಿ ಉಳಿಸದ ಎಣ್ಣೆಗಳನ್ನು ಬಳಸಲಾಗುತ್ತದೆ.

ಅಮೆರಿಕ ತೆರೆದ ಕಿರುದಾರಿ

ಹಳೆಯ ವಿಮಾನಗಳಿಗೆ ಭಾಗ ದೊರೆಯದೆ ಹೋದರೆ ಮಾಲೀಕರು ಸವೆದ ಭಾಗವನ್ನೇ ಮತ್ತೆ ಮತ್ತೆ ರಿಪೇರಿ ಮಾಡಿ ಬಳಸುತ್ತಾರೆ, ಅದೂ ಅಪಾಯವೇ. ಇದನ್ನು ಮನಗಂಡ ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು 2020ರ ದಶಕದ ಆರಂಭದಲ್ಲಿ 'ವರ್ಮಾ' ಎಂಬ ಸಂಕ್ಷಿಪ್ತ ನಾಮದ ವ್ಯವಸ್ಥೆಯನ್ನು ತಂದಿತು. 1980ಕ್ಕೂ ಹಿಂದಿನ, 12,500 ಪೌಂಡಿನೊಳಗಿನ ಸಣ್ಣ ವಿಮಾನಗಳಿಗೆ ಇದು ಅನ್ವಯಿಸುತ್ತದೆ. ಭಾಗವು ಕೆಟ್ಟರೂ ವಿಮಾನ ಸುರಕ್ಷಿತವಾಗಿ ಹಾರಿ ಇಳಿಯಬಲ್ಲುದೆಂದು ತೋರಿಸಿಕೊಟ್ಟರೆ, ಮಾರುಕಟ್ಟೆಯಲ್ಲಿ ಸಿಗುವ ಸಮಾನ ಭಾಗಕ್ಕೆ ಸರಳ ಕ್ರಮದಲ್ಲಿ ಅನುಮತಿ ಪಡೆಯಬಹುದು. ವಾಹನಗಳ ಬಿಡಿಭಾಗದ ಅಂಗಡಿಯಲ್ಲಿ ದೊರೆಯುವ ಸ್ಟಾರ್ಟರ್ ಸೊಲೆನಾಯ್ಡ್ ಈ ದಾರಿಯಲ್ಲಿ ಮೊದಲಿಗೆ ಪರಿಗಣನೆಗೆ ಬಂದ ವಸ್ತುಗಳಲ್ಲೊಂದು. ಅದು ಕೆಟ್ಟರೆ ಎಂಜಿನ್ ನೆಲದ ಮೇಲೆ ಚಾಲೂ ಆಗದು. ಆಕಾಶದಲ್ಲಿ ಓಡುತ್ತಿರುವ ಎಂಜಿನ್ ನಿಲ್ಲದು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, 'ಈ ಭಾಗ ಕೂಡುತ್ತದೆಯೇ?' ಎಂಬ ಪ್ರಶ್ನೆಗಿಂತ 'ಇದು ಕೆಟ್ಟರೆ ಏನಾಗುತ್ತದೆ?' ಎಂಬ ಪ್ರಶ್ನೆಗೆ ಪ್ರಥಮ ಸ್ಥಾನ ದೊರೆತಿದೆ.

ಅಮೆರಿಕದ ಈ ಅನುಮತಿಯು ಭಾರತದಲ್ಲಿ ತಾನಾಗಿಯೇ ಅನ್ವಯವಾಗುವುದಿಲ್ಲ. ಇಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳೇ ಪ್ರಮಾಣ. ವಿಮಾನಕ್ಕೆ ಜೋಡಿಸುವ ಭಾಗದೊಂದಿಗೆ ಸಾಮಾನ್ಯವಾಗಿ ಅಧಿಕೃತ ಬಿಡುಗಡೆ ಪ್ರಮಾಣಪತ್ರವಿರಬೇಕು. ಬೋಲ್ಟು, ನಟ್ಟುಗಳಂಥ ಪ್ರಮಾಣಿತ ಭಾಗಗಳಿಗೂ ಅವು ನಿಗದಿತ ಮಾನದಂಡಕ್ಕೆ ಹೊಂದುತ್ತವೆಂಬ ಲಿಖಿತ ದಾಖಲೆ ಬೇಕು. ದಾಖಲೆಯಿಲ್ಲದ ಭಾಗ ಎಷ್ಟೇ ಉತ್ತಮವಾಗಿದ್ದರೂ ವಿಮಾನಕ್ಕೆ ಸಲ್ಲದು.

ನೆಲದ ಮೇಲಿನ ಯಂತ್ರಗಳಿಗೆ ಈ ಪಾಠ

2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಶ್ರೀ ಗುರು ಕೊಟ್ಟೂರೇಶ್ವರ ರಥೋತ್ಸವದ ವೇಳೆ ಬೃಹತ್ ತೇರು ಜನರ ನಡುವೆಯೇ ಉರುಳಿ ಹಲವರು ಗಾಯಗೊಂಡರು. ಅಚ್ಚು ಮುರಿದುದೇ ಕಾರಣವೆಂದು ಆಗ ವರದಿಯಾಯಿತು. ತೇರಿನಲ್ಲಿ ಸಾವಿರ ಭಾಗಗಳಿದ್ದರೂ ಭಾರವನ್ನೆಲ್ಲ ಹೊರುವ ಭಾಗಗಳು ಕೆಲವೇ. ಅಲಂಕಾರದ ಪಟವೊಂದು ಹರಿದರೆ ಉತ್ಸವ ನಿಲ್ಲದು. ಅಚ್ಚು ಮುರಿದರೆ ತೇರೇ ನಿಲ್ಲದು. ಪ್ರತಿಯೊಂದು ಯಂತ್ರದಲ್ಲಿಯೂ ಈ ಎರಡು ವರ್ಗಗಳಿವೆ.

ಟ್ರ್ಯಾಕ್ಟರ್, ಲಾರಿ, ಶಾಲಾ ಬಸ್ಸುಗಳಲ್ಲಿ ಸ್ಟೀರಿಂಗ್, ಬ್ರೇಕ್, ಅಚ್ಚು, ಚಕ್ರದ ಬೋಲ್ಟು, ಟ್ರೇಲರಿನ ಕೊಂಡಿ ಮೊದಲ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ 'ಅಳತೆಗೆ ಕೂಡುತ್ತದೆ' ಎಂಬ ಮಾತಿಗೆ ಬೆಲೆ ಕೊಡಬಾರದು. ಹಾರನ್, ಆಸನ, ಕನ್ನಡಿಯ ಹಿಡಿಕೆ ಮುಂತಾದವುಗಳಲ್ಲಿ ಬದಲಿ ಭಾಗ ಮಿತವ್ಯಯದ ದಾರಿ.

ವರ್ತಕರು ಅನುಸರಿಸಬಹುದಾದ ಕ್ರಮ

• ಗಿರಾಕಿಯು ಭಾಗದ ಹೆಸರು ಹೇಳಿದಾಗ, ಅದು ಯಾವ ಯಂತ್ರದ ಯಾವ ಸ್ಥಾನಕ್ಕೆ ಎಂದು ಕೇಳಿ ತಿಳಿಯುವುದು.
• ಮೊದಲ ವರ್ಗದ ಭಾಗಗಳನ್ನು ಕಂಪನಿಯ ಪೊಟ್ಟಣ, ಭಾಗ ಸಂಖ್ಯೆ ಮತ್ತು ಬಿಲ್ಲಿನೊಂದಿಗೇ ಮಾರುವುದು. ಹಳೆಯದನ್ನು ಹೊಳಪು ಕೊಟ್ಟು ಹೊಸದೆಂದು ಮಾರುವವರಿಂದ ದೂರವಿರುವುದು.
• ಬದಲಿ ಭಾಗ ಕೊಟ್ಟಲ್ಲಿ ಬಿಲ್ಲಿನ ಮೇಲೆ ಹಾಗೆಂದು ಸ್ಪಷ್ಟವಾಗಿ ಬರೆಯುವುದು.
• ವಾಹನದ ಭಾಗವನ್ನು ವಿಮಾನಕ್ಕೆ ಯೋಗ್ಯವೆಂದು ಬಾಯಿಮಾತಿನಲ್ಲಿಯೂ ಭರವಸೆ ಕೊಡದಿರುವುದು.

ಸಣ್ಣ ತಯಾರಕರಿಗೆ ಅವಕಾಶ

ಬೆಂಗಳೂರಿನ ಪೀಣ್ಯದ ಸಣ್ಣ ಘಟಕಗಳು ವಿಮಾನ ಉದ್ಯಮಕ್ಕೆ ಭಾಗಗಳನ್ನು ಮಾಡಿಕೊಡುತ್ತ ಬಂದಿವೆ. ಬೆಳಗಾವಿ ಬಳಿಯ ಹತ್ತರಗಿಯಲ್ಲಿ ವಿಮಾನ ಬಿಡಿಭಾಗಗಳಿಗೆಂದೇ ವಿಶೇಷ ಆರ್ಥಿಕ ವಲಯ ಬೆಳೆದಿದೆ. ಈ ಐದು ತಾಲ್ಲೂಕುಗಳ ಲೇತ್ ಘಟಕವೊಂದು ನೇರವಾಗಿ ಅಲ್ಲಿಗೆ ಜಿಗಿಯಲಾರದು, ಆದರೆ ಮೆಟ್ಟಿಲುಗಳಿವೆ. ಉಕ್ಕಿನ ಪ್ರತಿಯೊಂದು ಕಂತಿನ ಪ್ರಮಾಣಪತ್ರವನ್ನು ಕಾಪಿಡುವುದು, ತಯಾರಾದ ಭಾಗಕ್ಕೆ ಕಂತಿನ ಸಂಖ್ಯೆ ಹಾಕುವುದು, ಶಾಖ ಸಂಸ್ಕರಣೆಯ ತಾಪಮಾನ ಮತ್ತು ಅವಧಿಯನ್ನು ಬರೆದಿಡುವುದು, ಮೈಕ್ರೋಮೀಟರನ್ನು ನಿಯತವಾಗಿ ಪರೀಕ್ಷೆಗೆ ಕಳುಹಿಸುವುದು: ಇವುಗಳಿಗೆ ದೊಡ್ಡ ಬಂಡವಾಳ ಬೇಡ, ಶಿಸ್ತು ಬೇಕು. ಈ ಶಿಸ್ತು ರೂಢಿಯಾದ ಘಟಕಕ್ಕೆ ಐಎಸ್‌ಒ 9001, ಮುಂದೆ ವಿಮಾನ ಕ್ಷೇತ್ರದ ಎಎಸ್ 9100 ಗುಣಮಟ್ಟದ ಪ್ರಮಾಣಪತ್ರಗಳು ಎಟುಕದ ವಸ್ತುಗಳಲ್ಲ.

ಭಾಗವೊಂದು ಮುರಿದಾಗ ಅದು ಯಾವ ಉಕ್ಕಿನದು, ಯಾರು ಯಾವ ದಿನ ಮಾಡಿದ್ದು ಎಂದು ಹೇಳಬಲ್ಲ ಘಟಕವು ಅದೇ ಕಂತಿನ ಉಳಿದ ಭಾಗಗಳನ್ನು ಅಪಘಾತಕ್ಕೆ ಮೊದಲೇ ಹಿಂದಕ್ಕೆ ಪಡೆಯಬಲ್ಲುದು. ಹೇಳಲಾಗದ ಘಟಕವು ಮುಂದಿನ ಅಪಘಾತಕ್ಕಾಗಿ ಕಾಯಬೇಕಾಗುತ್ತದೆ.