ಫೀಸಿಲ್ಲದ ಪದವಿಗೆ ತಿಂಗಳಿಗೊಂದು ಲಕ್ಷ

ಬೆಂಗಳೂರಿನಲ್ಲಿ ಬಿ.ಎ. ಮೊದಲ ವರ್ಷ ಪಾಸಾದ ಮಗಳನ್ನು ಆ ಕಾಲೇಜು ಬಿಡಿಸಿ, ಜರ್ಮನಿಯ ಬ್ರೆಮೆನ್‌ನಲ್ಲಿ ರಾಜ್ಯಶಾಸ್ತ್ರದ ಪದವಿಗೆ ಮತ್ತೆ ಮೊದಲ ಸೆಮಿಸ್ಟರ್‌ನಿಂದ ಸೇರಿಸಿದೆವು. ನಮ್ಮ ಮನೆಯ ಮಟ್ಟಿಗೆ ಸ್ವಂತ ಮನೆ ಬಿಟ್ಟರೆ ಇದೇ ಅತಿ ದೊಡ್ಡ ಖರ್ಚಿನ ತೀರ್ಮಾನ. ನೆಂಟರು ಮಾತ್ರ ಸಿಕ್ಕಲ್ಲೆಲ್ಲ ಒಂದೇ ಮಾತು ಕೇಳುತ್ತಾರೆ: ‘ಅಲ್ಲಿ ಫೀಸೇ ಇಲ್ಲವಂತಲ್ಲ?’

ನಿಜ, ಬ್ರೆಮೆನ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಬೋಧನಾ ಶುಲ್ಕವಿಲ್ಲ. ಸೆಮಿಸ್ಟರ್ ವಂತಿಗೆ ಕಟ್ಟಿದರೆ ಮುಗಿಯಿತು, ಬಸ್ಸು ರೈಲಿನ ಪಾಸೂ ಅದರಲ್ಲೇ ಬರುತ್ತದೆ. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಬಾಡೆನ್-ವ್ಯುರ್ಟೆಂಬರ್ಗ್ 2017ರಿಂದ ನಮ್ಮಂಥ ಹೊರದೇಶದವರ ಹತ್ತಿರ ಸೆಮಿಸ್ಟರ್‌ಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ರಾಜ್ಯಶಾಸ್ತ್ರಕ್ಕೆ ಹೆಸರಾದ ಮಾನ್‌ಹೈಮ್ ಆ ರಾಜ್ಯದಲ್ಲೇ ಇದೆ. ಆದರೆ ಫೀಸು ಇರಲಿ, ಬಿಡಲಿ, ಜರ್ಮನಿಯಲ್ಲಿ ದುಡ್ಡು ಕರಗುವುದು ತಿಂಗಳ ಲೆಕ್ಕದಲ್ಲಿ. ಎಷ್ಟು ತಿಂಗಳು ಅಲ್ಲಿರುತ್ತೀರಿ ಅನ್ನುವುದೇ ಆ ಪದವಿಯ ಬೆಲೆ.

ಆ ಒಂದು ವರ್ಷವನ್ನು ಬೆಂಗಳೂರಿನಲ್ಲಿ ಕಳೆದದ್ದು ಈ ಕಾರಣಕ್ಕೇ. ಬರೀ ಪಿಯುಸಿ ಮುಗಿಸಿ ಹೋದವರು ಸಾಮಾನ್ಯವಾಗಿ ಮೊದಲು ಅಲ್ಲಿನ ಸ್ಟುಡಿಯೆನ್‌ಕೊಲೆಗ್‌ನಲ್ಲಿ ಎರಡು ಸೆಮಿಸ್ಟರ್ ಓದಿ ಪರೀಕ್ಷೆ ಪಾಸಾಗಬೇಕು. ಇಲ್ಲಿ ಪದವಿಯ ಒಂದು ವರ್ಷ ಮುಗಿಸಿದ್ದರೆ ಸಂಬಂಧಪಟ್ಟ ವಿಷಯಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಎರಡನೇ ಪಿಯುಸಿಯಲ್ಲೇ ಶುರು ಮಾಡಿದ ಜರ್ಮನ್ ಕ್ಲಾಸನ್ನು ಮಗಳು ಸಿ1 ಎಂಬ ಮೇಲಿನ ಹಂತ ಮುಗಿಸುವವರೆಗೂ ಬಿಡಲಿಲ್ಲ. ಮನೆಯಲ್ಲೇ ಊಟ, ತಿಂಡಿ. ಕಾಲೇಜು, ಭಾಷೆ, ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಸೇರಿ ಮೂರು ಲಕ್ಷದೊಳಗೆ ಮುಗಿಯಿತು. ಅದೇ ವರ್ಷವನ್ನು ಅಲ್ಲಿ ಕಳೆದಿದ್ದರೆ ಹನ್ನೆರಡು ಲಕ್ಷ.

ಈಗ ಬ್ಲಾಕ್ಡ್ ಅಕೌಂಟ್ ಲೆಕ್ಕ, ಅಂದರೆ ವರ್ಷದ ಖರ್ಚನ್ನು ಮೊದಲೇ ಇಟ್ಟು ತಿಂಗಳು ತಿಂಗಳು ತೆಗೆಯುವ ಖಾತೆಯದ್ದು. ಪೆನ್ನು ಕಾಗದ ಹಿಡಿದು ಕೂತರೆ ಒಳ್ಳೆಯದು. ವೀಸಾಕ್ಕೆ ಇಡಬೇಕಾದದ್ದು 11,904 ಯೂರೊ. ಕೈಗೆ ಸಿಗುವುದು ತಿಂಗಳಿಗೆ 992. ಲೆಕ್ಕ ಸುಲಭವಾಗಲೆಂದು ಯೂರೊಗೆ ನೂರು ರೂಪಾಯಿ ಹಿಡಿಯೋಣ. ಅಂದರೆ 11,90,400 ರೂಪಾಯಿ, ತಿಂಗಳಿಗೆ 99,200. ಇಷ್ಟನ್ನೂ ಶೇ 11ರ ಶಿಕ್ಷಣ ಸಾಲದಿಂದ ಒಂದೇ ಸಲ ಕಳಿಸಿದರೆ ಮೊದಲ ವರ್ಷದ ಬಡ್ಡಿ 1,30,944. ತಿಂಗಳು ತಿಂಗಳು ಬೇಕಾದಷ್ಟೇ ಸಾಲ ತೆಗೆಯುವಂತಿದ್ದರೆ ಮೊದಲ ಕಂತಿಗೆ ಹನ್ನೆರಡು ತಿಂಗಳ ಬಡ್ಡಿ ಬೀಳುತ್ತಿತ್ತು, ಎರಡನೆಯದಕ್ಕೆ ಹನ್ನೊಂದು, ಕೊನೆಯದಕ್ಕೆ ಒಂದು. ಕೂಡಿದರೆ ಒಂದು ಕಂತಿನ ಮೇಲೆ 78 ತಿಂಗಳ ಬಡ್ಡಿ, ಅಂದರೆ 70,928. ವ್ಯತ್ಯಾಸ 60,016 ರೂಪಾಯಿ. ಸುಮ್ಮನೆ ಕೂತ ದುಡ್ಡಿಗೆ ಕಟ್ಟುವ ಬಡ್ಡಿ ಇದು. ಶೇ 7ರ ಎಫ್‌ಡಿ ಮುರಿದು ಕಳಿಸಿದರೂ ನಷ್ಟ ತಪ್ಪುವುದಿಲ್ಲ, ಆದರೆ ಅದು 38,192ಕ್ಕೆ ನಿಲ್ಲುತ್ತದೆ. ಎಫ್‌ಡಿ ಬಡ್ಡಿಗೆ ತೆರಿಗೆಯೂ ಇರುವುದರಿಂದ ನಿಜವಾದ ನಷ್ಟ ಇನ್ನೂ ಕಡಿಮೆ.

ಹಾಗಾಗಿ ಮೊದಲ ವರ್ಷಕ್ಕೆ ಎಫ್‌ಡಿ ಮುರಿದೆವು, ಸಾಲವನ್ನು ಮುಂದಿನ ವರ್ಷಗಳಿಗೆ ಇಟ್ಟುಕೊಂಡೆವು. ಹೊರದೇಶಕ್ಕೆ ಕಳಿಸುವ ಸ್ವಂತ ದುಡ್ಡು ವರ್ಷಕ್ಕೆ ಹತ್ತು ಲಕ್ಷ ದಾಟಿದರೆ ಟಿಸಿಎಸ್ ಎಂದು ಬ್ಯಾಂಕು ಮೊದಲೇ ವಸೂಲು ಮಾಡುವ ತೆರಿಗೆ ಬೀಳುತ್ತದೆ, ಅದು ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ. ಯೂರೊ ದರವನ್ನು ಮಾತ್ರ ಎರಡು ಮೂರು ಕಡೆ ಕೇಳಿ. ಒಂದು ರೂಪಾಯಿ ಹೆಚ್ಚು ಕಡಿಮೆಯಾದರೆ 11,904 ರೂಪಾಯಿ ಆಚೀಚೆ.

ಇನ್ನು ‘ಪ್ಯಾಕೇಜ್’ ವಿಚಾರ. ಸಲಹಾ ಸಂಸ್ಥೆಯೊಂದು ನಮ್ಮ ಮುಂದೆ ಬರ್ಲಿನ್‌ನ ಖಾಸಗಿ ಕಾಲೇಜೊಂದರ ಬ್ರೋಷರ್ ಹರಡಿ ಕೂತಿತ್ತು. ಇಂಟರ್‌ನ್ಯಾಷನಲ್ ರಿಲೇಷನ್ಸ್, ಪೂರ್ತಿ ಇಂಗ್ಲಿಷ್‌ನಲ್ಲಿ, ಸೀಟು ಖಾತ್ರಿ, ‘ಜರ್ಮನ್ ಕಲಿಯುವ ತಲೆನೋವೇ ಇಲ್ಲ ಮೇಡಂ’. ಫೀಸು ವರ್ಷಕ್ಕೆ 12,000 ಯೂರೊ. ಮೂರು ವರ್ಷಕ್ಕೆ 36 ಲಕ್ಷ, ಊಟ ವಸತಿ ಬೇರೆ. ನನಗೆ ಇದನ್ನು ಕಂಡರೆ ಆಗುವುದಿಲ್ಲ, ಬಚ್ಚಿಟ್ಟು ಹೇಳಲಾರೆ. ರಾಜ್ಯಶಾಸ್ತ್ರ ಓದುವ ಹುಡುಗಿಗೆ ಆ ದೇಶದ ಪತ್ರಿಕೆ, ಸಂಸತ್ತಿನ ಚರ್ಚೆ, ಕೋರ್ಟಿನ ತೀರ್ಪು ಓದಲು ಬಾರದಿದ್ದರೆ ಅಲ್ಲಿಗೆ ಹೋಗಿ ಓದುವುದೇನನ್ನು? ಭಾಷೆ ಕಲಿಯುವ ಎರಡೂವರೆ ಲಕ್ಷ ಉಳಿಸಲು 36 ಲಕ್ಷ ಕೊಡಿ ಎನ್ನುವುದು ಸಲಹೆಯಲ್ಲ. ಇಂಥ ಕಡೆ ‘ಸೀಟು ಕೊಡಿಸಿದರೆ ನಿಮಗೆ ಕಾಲೇಜಿನಿಂದ ಎಷ್ಟು ಕಮಿಷನ್?’ ಎಂದು ನೇರವಾಗಿ ಕೇಳಿ.

ಅಲ್ಲಿಗೆ ತಲುಪಿದ ಮೇಲೆ ತಿಂಗಳುಗಳು ಎಲ್ಲಿ ಸೋರುತ್ತವೆ? ಪದವಿ ಆರು ಸೆಮಿಸ್ಟರ್‌ನದ್ದು. ಒಂದು ಸೆಮಿಸ್ಟರ್ ಹೆಚ್ಚಾದರೆ 5,952 ಯೂರೊ, ಆರು ಲಕ್ಷ. ಸೆಮಿನಾರ್ ಪ್ರಬಂಧಗಳನ್ನು ರಜೆಯಲ್ಲಿ ಬರೆದು ಒಪ್ಪಿಸಬೇಕು, ಅದಕ್ಕೆ ಯಾರೂ ಬೆನ್ನು ಹತ್ತುವುದಿಲ್ಲ. ಮಗಳ ಒಂದು ಪ್ರಬಂಧ ಜರ್ಮನಿಯ ಸಂಸತ್ತು ಬುಂಡೆಸ್ಟಾಗ್‌ನ ಸ್ಥಾನಗಳನ್ನು 630ಕ್ಕೆ ಕಟ್ಟಿಹಾಕಿದ 2023ರ ಚುನಾವಣಾ ಸುಧಾರಣೆಯ ಮೇಲೆ. ಅದರ ಫಲವಾಗಿ 2025ರ ಫೆಬ್ರುವರಿ ಚುನಾವಣೆಯಲ್ಲಿ 23 ಮಂದಿ ತಮ್ಮ ಕ್ಷೇತ್ರದಲ್ಲಿ ಮೊದಲಿಗರಾದರೂ ಸಂಸತ್ತಿಗೆ ಹೋಗಲಾಗಲಿಲ್ಲ. ಹದಿನೈದು ಪುಟ, ಜರ್ಮನ್‌ನಲ್ಲಿ. ‘ಅಮ್ಮ, ಕ್ಲಾಸಿನಲ್ಲಿ ಅರ್ಧ ಜನ ಮುಂದಿನ ಸೆಮಿಸ್ಟರ್‌ಗೆ ತಳ್ಳುತ್ತಿದ್ದಾರೆ’ ಎಂದಳು. ತಳ್ಳಿದ ಪ್ರಬಂಧಗಳು ಮೂರು ಸೇರಿದರೆ ಏಳನೇ ಸೆಮಿಸ್ಟರ್ ಬಂದಂತೆಯೇ. ಸಂಖ್ಯಾಶಾಸ್ತ್ರದ್ದೂ ಅದೇ ಕಥೆ. ರಾಜ್ಯಶಾಸ್ತ್ರವೆಂದರೆ ಬರೀ ಚರ್ಚೆ ಅಂದುಕೊಂಡು ಹೋದವರು ಎಡವುವುದು ಅಲ್ಲೇ.

ಓದಿನ ಜೊತೆ ಮಾಡುವ ಕೆಲಸದ ವಿಷಯದಲ್ಲೂ ಇದೇ ನಿಯಮ. 2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೊ. ವಾರಕ್ಕೆ ಹತ್ತು ಗಂಟೆ ದುಡಿದರೆ ತಿಂಗಳಿಗೆ ಸುಮಾರು 600. ಆಸೆಗೆ ಬಿದ್ದು ಇಪ್ಪತ್ತು ಗಂಟೆ ಮಾಡಿದರೆ ಆರು ತಿಂಗಳಲ್ಲಿ 3,600 ಹೆಚ್ಚು ಬರುತ್ತದೆ. ಅದರಿಂದ ಒಂದು ಸೆಮಿಸ್ಟರ್ ಹೋದರೆ ಕಳೆದುಕೊಳ್ಳುವುದು 5,952. ಕೂಡಿಸಿ ಕಳೆಯಲು ಬಂದರೆ ಸಾಕು, ಇದು ಅರ್ಥವಾಗುತ್ತದೆ.

ಇಲ್ಲೇ ಬಿ.ಎ. ಮುಗಿಸಿ ಎಂ.ಎ.ಗೆ ಹೋದರೆ ಮೂರರ ಬದಲು ಎರಡೇ ವರ್ಷ, ಹನ್ನೆರಡು ಲಕ್ಷ ಉಳಿತಾಯ. ಬಹಳ ಮನೆಗಳಿಗೆ ಅದೇ ಸರಿಯಾದ ದಾರಿ. ನಮ್ಮವಳಿಗೆ ಯುರೋಪಿನ ರಾಜಕಾರಣವನ್ನೇ ಬುಡದಿಂದ ಓದಬೇಕಿತ್ತು, ಅದಕ್ಕೆ ಬೇಕಾದ ಭಾಷೆಯನ್ನು ಹೋಗುವ ಮೊದಲೇ ದುಡಿದು ಗಳಿಸಿದ್ದಳು. ಆದ್ದರಿಂದ ಒಪ್ಪಿದೆವು.

ಮಕ್ಕಳಿಗೆ ‘ದುಡ್ಡು ಸಾಲುತ್ತಾ?’ ಎಂದು ಮಾತ್ರ ಕೇಳಬೇಡಿ. ‘ಈ ಸೆಮಿಸ್ಟರ್‌ನ ಮೂವತ್ತು ಕ್ರೆಡಿಟ್ ಆಯಿತಾ?’ ಎಂದೂ ಕೇಳಿ. ಅಕ್ಕಿ ಬೇಳೆಯಲ್ಲಿ ಉಳಿಸುವ ಇಪ್ಪತ್ತು ಯೂರೊ ಹೇಗೋ ಸರಿಹೋಗುತ್ತದೆ. ಹೊತ್ತಿಗೆ ಸರಿಯಾಗಿ ಒಪ್ಪಿಸಿದ ಪ್ರಬಂಧ ಉಳಿಸುವುದು ಲಕ್ಷಗಳನ್ನು.